ದೊಡ್ಡಮ್ಮನಿಗೆ ‘ಸ’ ಯಾಕೆ ಕೇಳಲಿಲ್ಲ?

(ಮಗ್ಗದ ಬೀದಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಮ್ಮ ಮಾತು ಎಲ್ಲರಿಗೂ ಕೇಳಿಸ್ತಾ ಇದೆಯಾ? ಹಿಂದೆ ಬಾಗಿಲ ಹತ್ತಿರ ಕೂತವರಿಗೆ? ಕೇಳಿಸದಿದ್ದರೆ ಸಂಕೋಚ ಬೇಡ. ಎದ್ದು ಮುಂದೆ ಬನ್ನಿ. ಇವತ್ತಿನ ಮಾತೇ ಕಿವಿಯ ಬಗ್ಗೆ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ನಾವು ಮೂವರು ಈ ಕೇಂದ್ರದಲ್ಲಿ ಪಾಠ ಹೇಳುವವರು. ಇಲ್ಲಿಗೆ ಒಬ್ಬ ದೊಡ್ಡಮ್ಮ ಬರುತ್ತಾರೆ. ಇಲ್ಲೇ ಕೂತಿದ್ದಾರೆ. ‘ನನ್ನ ಕಥೆ ಹೇಳ್ರಮ್ಮ, ನಾಲ್ಕು ಜನಕ್ಕೆ ಗೊತ್ತಾಗ್ಲಿ. ಪುಸ್ತಕದಲ್ಲಿ ಹೆಸರು ಮಾತ್ರ ಹಾಕಬೇಡಿ’ ಅಂದರು. ಅದಕ್ಕೇ ಹೇಳುತ್ತಿದ್ದೇವೆ.

ದೊಡ್ಡಮ್ಮನಿಗೆ 58 ವರ್ಷ. 30 ವರ್ಷ ಮಗ್ಗದ ಮನೆಯಲ್ಲೇ ದುಡಿದವರು. ಮೊದಲು ಕಂಡಿಕೆ ಸುತ್ತುತ್ತಿದ್ದರು. ಆಮೇಲೆ ಕರೆಂಟಿನ ಮಗ್ಗವನ್ನೂ ನೋಡಿಕೊಂಡರು. ಹೋದ ವರ್ಷ ಅಕ್ಷರ ಕಲಿಯಬೇಕು ಅಂತ ಬಂದರು. ಅ, ಆ, ಇ, ಈ ಒಂದೇ ವಾರದಲ್ಲಿ ಬಂತು. ಚುರುಕಾದ ಹೆಂಗಸು ಅಂದುಕೊಂಡೆವು. ಕ, ಖ, ಗ ಶುರುವಾಯಿತು ನೋಡಿ, ಅಲ್ಲಿಂದ ತೊಂದರೆ. ಉಕ್ತಲೇಖನ ಕೊಟ್ಟೆವು. ನಾವು ‘ಸರ’ ಅಂದರೆ ಅವರು ‘ಅರ’ ಬರೆದರು. ‘ಸಕ್ಕರೆ’ ಅಂದರೆ ‘ಅಕ್ಕರೆ’ ಬರೆದರು. ಒಂದು ದಿನ ‘ಕತ್ತೆ’ ಅಂದೆವು. ಅವರು ‘ಅತ್ತೆ’ ಅಂತ ಬರೆದು ತೋರಿಸಿದರು. ಎಲ್ಲರೂ ನಕ್ಕರು. ನಾವೂ ನಕ್ಕೆವು. ‘ದೊಡ್ಡಮ್ಮ, ಸ್ವಲ್ಪ ಗಮನ ಕೊಡಿ’ ಅಂತ ಜೋರಾಗಿ ಬೇರೆ ಹೇಳಿದೆವು. ವಯಸ್ಸಾಯಿತು, ತಲೆಗೆ ಹತ್ತುತ್ತಿಲ್ಲ ಅಂತ ನಮ್ಮ ನಮ್ಮಲ್ಲೇ ಮಾತಾಡಿಕೊಂಡೆವು.

ಮಾರನೆಯ ದಿನದಿಂದ ದೊಡ್ಡಮ್ಮ ಬರಲಿಲ್ಲ.

ಎರಡು ವಾರ ಕಳೆದ ಮೇಲೆ ಅವರ ಮನೆಗೆ ಹೋದೆವು. ಸೊಸೆ ಕಾಫಿ ಕೊಟ್ಟು ತನ್ನ ಸಂಕಟ ಹೇಳಿಕೊಂಡಳು. ‘ಏನ್ ಹೇಳ್ಲಿ ಅಕ್ಕ, ಮಗ ಕರೆದರೆ ಕೇಳುತ್ತೆ. ನಾನು ಕರೆದರೆ ಕೇಳಲ್ಲ. ಬೇಕಾದ್ದು ಮಾತ್ರ ಕೇಳೋ ಕಿವಿ ಇವರದು’ ಅಂದಳು. ಆ ಹೊತ್ತಿಗೆ ಮೊಮ್ಮಗಳು ಬಂದಳು. ಅಜ್ಜಿಯ ಬೆನ್ನ ಹಿಂದೆ ನಿಂತು ‘ಅಜ್ಜೀ’ ಅಂದಳು. ದೊಡ್ಡಮ್ಮ ತಿರುಗಲಿಲ್ಲ. ಮಗು ಎದುರಿಗೆ ಬಂದು ಅದೇ ಮಾತು ಹೇಳಿತು. ದೊಡ್ಡಮ್ಮ ತಕ್ಷಣ ‘ಏನು ಪುಟ್ಟಾ’ ಅಂದರು. ಆಗ ನಮಗೆ ಹೊಳೆಯಿತು. ಅವರು ಕಿವಿಯಿಂದ ಕೇಳುತ್ತಿರಲಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ನಾವೋ, ಕರಿಹಲಗೆಯ ಕಡೆ ಮುಖ ಮಾಡಿಕೊಂಡು ಪಾಠ ಹೇಳುತ್ತಿದ್ದೆವು!

ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಇದೆ. ಡಾಕ್ಟರು ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಗುಗ್ಗೆ ಕಟ್ಟಿಕೊಂಡಿದ್ದರೂ ಕಿವಿ ಮಂದವಾಗುತ್ತದೆ. ಅದು ಸುಲಭ, ತೆಗೆದರೆ ಆಯಿತು. ದೊಡ್ಡಮ್ಮನಿಗೆ ಗುಗ್ಗೆ ಇರಲಿಲ್ಲ. ಆಮೇಲೆ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಹೊರಗಿನ ಸದ್ದು ಬರದ ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿದರು. ‘ಪೀಂ’ ಅನ್ನುವ ಸದ್ದು ಕೇಳಿದಾಗ ಕೈ ಎತ್ತಬೇಕು, ಅಷ್ಟೇ. ನೋವಿಲ್ಲ, ಸೂಜಿಯಿಲ್ಲ. ಅರ್ಧ ಗಂಟೆಯ ಕೆಲಸ.

ಕೊನೆಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಕೆಂಪು ಸೊನ್ನೆಗಳು, ನೀಲಿ ಗುಣಿಸು ಗುರುತುಗಳು. ಕೆಂಪು ಸೊನ್ನೆ ಬಲಗಿವಿಯದು. ನೀಲಿ ಗುಣಿಸು ಎಡಗಿವಿಯದು. ಹಾಳೆಯ ಮೇಲ್ಗಡೆ 250, 500, 1000, 2000, 4000, 8000 ಅಂತ ಅಂಕಿಗಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅಂಕಿಗಳನ್ನೆಲ್ಲ ತಾವೇ ಓದಿದರು. ‘ಇಲ್ಲಿ ಮೇಲಿದೆ. ನಾಲ್ಕು ಸಾವಿರದ ಹತ್ತಿರ ಬಾವಿಗೆ ಬಿದ್ದಂಗೆ ಬಿದ್ದಿದೆಯಲ್ಲ, ಯಾಕೆ?’ ಅಂತ ಕೇಳಿದರು. ಶ್ರವಣ ತಜ್ಞೆ ಖುಷಿಯಿಂದ ಎದ್ದು ಬಂದು ಹೇಳಿಕೊಟ್ಟರು. ಅವರು ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ.

ಆ ಅಂಕಿಗಳು ದನಿಯ ಎತ್ತರ ತೋರಿಸುತ್ತವೆ. 250 ಅಂದರೆ ದಪ್ಪ ದನಿ. 4000 ಅಂದರೆ ಕೀರಲು ದನಿ, ಹಕ್ಕಿ ಚಿಲಿಪಿಲಿ ಅಂದ ಹಾಗೆ. ನಮ್ಮ ಮಾತಿನಲ್ಲಿ ಎರಡೂ ಸೇರಿಕೊಂಡಿವೆ. ಅ, ಆ, ಉ, ಓ, ಈ ಸ್ವರಗಳಲ್ಲಿ ದಪ್ಪ ದನಿಯೇ ಹೆಚ್ಚು. ಅವಕ್ಕೆ ಬಲವೂ ಹೆಚ್ಚು. ಸ, ಶ, ಚ, ಕ, ತ ಇಂಥ ವ್ಯಂಜನಗಳು ಹಾಗಲ್ಲ. ಅವುಗಳ ಸದ್ದು ಕೀರಲು, ಬಲವೂ ಕಡಿಮೆ. ಈಗ ಮೆಲ್ಲಗೆ ‘ಸ್ಸ್’ ಅಂದು ನೋಡಿ. ಆಮೇಲೆ ‘ಆ’ ಅನ್ನಿ. ಎಷ್ಟು ವ್ಯತ್ಯಾಸ, ನೋಡಿದಿರಾ? ಕೀರಲು ದನಿ ಕೇಳುವ ಶಕ್ತಿ ಹೋದರೆ ‘ಸರ’ದ ‘ಸ’ ಹೋಗುತ್ತದೆ. ಉಳಿಯುವುದು ‘ಅರ’. ಮಾತು ಆಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಮಾತು ಅಂತ ಗೊತ್ತಾಗುವುದಿಲ್ಲ. ಇಂಥವರು ‘ಕೇಳುತ್ತೆ, ಆದರೆ ತಿಳಿಯಲ್ಲ’ ಅನ್ನುತ್ತಾರೆ. ಅದು ಸುಳ್ಳಲ್ಲ.

ಸೊಸೆಯ ದೂರಿಗೂ ಉತ್ತರ ಸಿಕ್ಕಿತು. ಮಗನ ದನಿ ದಪ್ಪ, ಕೇಳುತ್ತದೆ. ಸೊಸೆಯ ದನಿ, ಮಗುವಿನ ದನಿ ಕೀರಲು. ದೊಡ್ಡಮ್ಮ ಬೇಧ ಮಾಡಿರಲಿಲ್ಲ. ಬೇಧ ಮಾಡಿದ್ದು ಕಿವಿ. ಇದು ತಿಳಿದಾಗ ಸೊಸೆ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ಎಷ್ಟು ವರ್ಷದ ಮುನಿಸು ಅದು!

ಕಿವಿಯ ಒಳಗೆ ಏನಿದೆ? ನಾಲ್ಕು ಮಾತಿನಲ್ಲಿ ಹೇಳುತ್ತೇವೆ. ಸದ್ದು ಬಂದು ಕಿವಿಯ ತಮಟೆಗೆ ಬಡಿಯುತ್ತದೆ. ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಅದರಲ್ಲಿ ರಿಕಾಪು ಅನ್ನುವ ಮೂಳೆ ನಮ್ಮ ಮೈಯಲ್ಲೇ ಅತಿ ಚಿಕ್ಕದು. ಸುಮಾರು 3 ಮಿಲಿಮೀಟರ್, ಒಂದು ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡದು. ಅದರಾಚೆ ಬಸವನಹುಳುವಿನ ಚಿಪ್ಪಿನಂಥ ಸುರುಳಿ. ಅದರ ತುಂಬ ನೀರಿನಂಥ ದ್ರವ. ಆ ಸುರುಳಿಯೊಳಗೆ ತಲೆಯ ಮೇಲೆ ಕೂದಲು ಇರುವಂಥ ಜೀವಕೋಶಗಳಿವೆ. ಒಂದೊಂದು ಕಿವಿಯಲ್ಲಿ ಸುಮಾರು 15 ಸಾವಿರ ಮಾತ್ರ. ಗಾಳಿಗೆ ರಾಗಿ ಪೈರು ಬಳುಕುವ ಹಾಗೆ ಇವು ಸದ್ದಿಗೆ ಬಳುಕುತ್ತವೆ. ಆ ಸುದ್ದಿ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಆಗ ನಮಗೆ ಸದ್ದು ಕೇಳುತ್ತದೆ.

ಸಣ್ಣ ಗಾಳಿಗೆ ಬಾಗಿದ ಪೈರು ಮತ್ತೆ ಏಳುತ್ತದೆ. ಬಿರುಗಾಳಿ ದಿನವೂ ಬೀಸಿದರೆ? ಮಲಗಿಬಿಡುತ್ತದೆ. ಮಗ್ಗದ ಕೆಲಸ ಮುಗಿಸಿ ಹೊರಗೆ ಬಂದಾಗ ಕಿವಿ ಗುಮ್ಮೆಂದು ಮುಚ್ಚಿದ ಹಾಗೆ ಆಗುತ್ತದಲ್ಲ? ಬೆಳಿಗ್ಗೆ ಸರಿಹೋಯಿತು ಅಂತ ನಾವು ಸುಮ್ಮನಾಗುತ್ತೇವೆ. ಅದು ಪೈರು ಬಾಗಿ ಎದ್ದ ದಿನ. ಎಚ್ಚರಿಕೆಯ ದಿನ ಅದೇ.

ಮನುಷ್ಯರಲ್ಲಿ ಆ ಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಹುಟ್ಟುತ್ತದೆ! 1987-88ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಜೋರು ಸದ್ದಿನಿಂದ ಹಾಳಾದ ಕೋಳಿಯ ಕಿವಿಯಲ್ಲಿ ಕೆಲವೇ ವಾರಗಳಲ್ಲಿ ಹೊಸ ಕೋಶಗಳು ಬಂದಿದ್ದವು. ಮನುಷ್ಯರಿಗೂ ಹಾಗೆ ಮಾಡಬಹುದೇ ಅಂತ ಆಗಿನಿಂದ ಹುಡುಕುತ್ತಿದ್ದಾರೆ. ಅಮೆರಿಕದಲ್ಲಿ ಒಂದು ಔಷಧವನ್ನು ಜನರ ಮೇಲೆ ಪರೀಕ್ಷೆ ಮಾಡಿದರು. ಫಲ ಸಿಗಲಿಲ್ಲ. 2023ರಲ್ಲಿ ಅದನ್ನು ಕೈಬಿಟ್ಟರು. ಆದ್ದರಿಂದ ‘ಸತ್ತ ನರಕ್ಕೆ ಜೀವ ತರುವ ಎಣ್ಣೆ’ ಅಂತ ಯಾರಾದರೂ ಸಂತೆಯಲ್ಲಿ ಮಾರಿದರೆ ದುಡ್ಡು ಕೊಡಬೇಡಿ. ನಮ್ಮ ಹಿತ್ತಲ ಕೋಳಿಗೆ ಇರುವ ಭಾಗ್ಯ ನಮಗಿನ್ನೂ ಬಂದಿಲ್ಲ.

ನೇಯುವ ಹೆಂಗಸರ ಕಿವಿಯ ಬಗ್ಗೆ ಬಹಳ ಹಿಂದೆಯೇ ಒಂದು ದೊಡ್ಡ ಅಧ್ಯಯನ ಆಗಿದೆ. ನಮ್ಮ ದೇಶದಲ್ಲಲ್ಲ, ಸ್ಕಾಟ್ಲೆಂಡಿನಲ್ಲಿ. ಅಲ್ಲಿ ಡಂಡೀ ಅಂತ ಒಂದು ಊರು. ಬಂಗಾಳದ ಸೆಣಬು ಹಡಗಿನಲ್ಲಿ ಆ ಊರಿಗೆ ಹೋಗುತ್ತಿತ್ತು. ಅಲ್ಲಿನ ಗಿರಣಿಗಳಲ್ಲಿ ಸೆಣಬು ನೇಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಮಗ್ಗದ ಸದ್ದಿನಲ್ಲಿ ಮಾತು ಕೇಳದು. ಅದಕ್ಕೆ ಅವರು ಕೈಸನ್ನೆಯಲ್ಲಿ, ತುಟಿ ನೋಡಿ ಮಾತಾಡುತ್ತಿದ್ದರು. ನಮ್ಮ ದೊಡ್ಡಬಳ್ಳಾಪುರ, ಬನಹಟ್ಟಿ ಕಡೆಯ ಮಗ್ಗದ ಮನೆಗಳನ್ನು ಕಂಡವರಿಗೆ ಇದು ಹೊಸದೇನಲ್ಲ. 1965ರಲ್ಲಿ ಟೇಲರ್ ಎಂಬ ವೈದ್ಯರೂ ಅವರ ಜೊತೆಗಾರರೂ ಈ ಹೆಂಗಸರ ಕಿವಿ ಪರೀಕ್ಷೆಯ ಫಲ ಪ್ರಕಟಿಸಿದರು. ಒಂದು ವರ್ಷ ನೇಯ್ದವರಿಂದ ಹಿಡಿದು 50 ವರ್ಷ ದಾಟಿ ನೇಯ್ದವರವರೆಗೆ ಪರೀಕ್ಷೆ ಮಾಡಿದ್ದರು. ಅಷ್ಟೂ ವರ್ಷ ಅಲ್ಲಿನ ಮಗ್ಗದ ಸದ್ದು ಹೆಚ್ಚು ಕಡಿಮೆ ಒಂದೇ ಥರ ಇತ್ತು. ಆದ್ದರಿಂದ ಎಷ್ಟು ವರ್ಷಕ್ಕೆ ಎಷ್ಟು ಹಾನಿ ಅಂತ ಲೆಕ್ಕ ಸಿಕ್ಕಿತು.

ಲೆಕ್ಕ ಹೀಗಿತ್ತು. ಮೊದಲ 10-15 ವರ್ಷದಲ್ಲೇ 4000ದ ಸುತ್ತಿನ ಕೀರಲು ದನಿ ಕೇಳುವ ಶಕ್ತಿ ಬಹಳಷ್ಟು ಹೋಗಿತ್ತು. ಆಮೇಲೆ ಕೆಲವು ವರ್ಷ ಹೆಚ್ಚೇನೂ ಬದಲಾಗುವುದಿಲ್ಲ. 20 ವರ್ಷ ದಾಟಿದ ಮೇಲೆ ಹಾನಿ 2000ದ ಕಡೆಗೆ ಇಳಿಯುತ್ತದೆ. ಮಾತಿಗೆ ಬಹಳ ಮುಖ್ಯವಾದ ಜಾಗ ಅದು. ನಿಜವಾದ ಕಷ್ಟ ಗೊತ್ತಾಗುವುದು ಆಗಲೇ. ಅಷ್ಟು ಹೊತ್ತಿಗೆ ವಯಸ್ಸೂ ಆಗಿರುತ್ತದೆ. ‘ವಯಸ್ಸಾಯ್ತು, ಕಿವಿ ಹೋಯ್ತು’ ಅಂತ ಎಲ್ಲರೂ ಅನ್ನುತ್ತಾರೆ. ಕಿವಿ ಹೋಗಲು ಶುರುವಾದದ್ದು 25ನೆಯ ವಯಸ್ಸಿನಲ್ಲಿ, ಮಗ್ಗದ ಪಕ್ಕದಲ್ಲಿ. ಇದನ್ನು ನೀವು ಎಳೆ ವಯಸ್ಸಿನವರು ಕೇಳಿಸಿಕೊಳ್ಳಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಪುಸ್ತಕ ತೆಗೆಯಿರಿ. ಸದ್ದನ್ನು ಅಳೆಯುವ ಅಳತೆಗೆ ಡೆಸಿಬೆಲ್ ಅನ್ನುತ್ತಾರೆ. ನಾವು ಆಡುವ ಮಾತು ಸುಮಾರು 60. 85ರ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಅಂತ ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ 1998ರಲ್ಲಿ ಹೇಳಿತು. 3 ಡೆಸಿಬೆಲ್ ಜಾಸ್ತಿಯಾದರೆ ಹೊತ್ತು ಅರ್ಧಕ್ಕೆ ಇಳಿಯಬೇಕು. 88ಕ್ಕೆ 4 ಗಂಟೆ. 91ಕ್ಕೆ 2 ಗಂಟೆ. 94ಕ್ಕೆ? ಹೌದು, 1 ಗಂಟೆ. ಲಾಳಿಯ ಮಗ್ಗದ ಕೋಣೆಯಲ್ಲಿ ಸದ್ದು 90 ದಾಟುತ್ತದೆ. ಈಗ ನೀವು ದಿನಕ್ಕೆ ಎಷ್ಟು ಗಂಟೆ ಅಲ್ಲಿರುತ್ತೀರಿ ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಕೆಲಸ ಬಿಡಿ ಅಂತ ನಾವು ಹೇಳುವುದಿಲ್ಲ. ಬಿಟ್ಟರೆ ಒಲೆ ಉರಿಯುವುದು ಹೇಗೆ? ಮನೆಯೊಳಗಿನ ಮಗ್ಗಕ್ಕೆ ಬಂದು ಸದ್ದು ಅಳೆಯುವವರಾದರೂ ಯಾರು? ಆದರೆ ಕಿವಿಗೆ ಹಾಕಿಕೊಳ್ಳುವ ಮೆತ್ತನೆಯ ಬಿರಡೆ ಸಿಗುತ್ತದೆ. ಅದನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಬೇಕು. ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಇಡಬೇಕು. ಅದು ಉಬ್ಬಿಕೊಳ್ಳುವ ತನಕ ಹಿಡಿದುಕೊಳ್ಳಬೇಕು. ಬರೀ ಹತ್ತಿ ತುರುಕಿದರೆ ಸಾಲದು. ನಡುನಡುವೆ ಹೊರಗೆ ಬಂದು ಕಿವಿಗೆ ವಿರಾಮ ಕೊಡಿ. ಮಗುವಿನ ತೊಟ್ಟಿಲನ್ನು ಮಗ್ಗದ ಕೋಣೆಯಲ್ಲಿ ಕಟ್ಟಬೇಡಿ. ಮಗು ಅಲ್ಲೇ ನಿದ್ದೆ ಮಾಡುತ್ತದೆ, ಅಭ್ಯಾಸವಾಗಿದೆ ಅನ್ನುತ್ತೀರಿ. ನಿದ್ದೆ ಮಾಡಿದರೂ ಕಿವಿ ಮುಚ್ಚಿರುವುದಿಲ್ಲ.

ಇನ್ನೊಂದು ವಿಷಯ. ದೊಡ್ಡಮ್ಮ ಆಸ್ಪತ್ರೆಯಲ್ಲಿ ಮೊದಲ ಸಲ ಬಾಯಿ ಬಿಟ್ಟರು. ಆರು ವರ್ಷದಿಂದ ಅವರ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ರಾತ್ರಿ ಎಲ್ಲ ಸುಮ್ಮನಾದಾಗ ಇನ್ನೂ ಜಾಸ್ತಿ. ತಲೆ ಕೆಟ್ಟಿದೆ ಅಂತಾರೆ, ಗಾಳಿ ಸೋಕಿದೆ ಅಂತಾರೆ ಅಂತ ಹೆದರಿ ಯಾರಿಗೂ ಹೇಳಿರಲಿಲ್ಲ. ಇಲ್ಲಿರುವ ಎಷ್ಟು ಜನಕ್ಕೆ ಹೀಗಿದೆಯೋ! ಇದು ಹುಚ್ಚಲ್ಲ, ಗಾಳಿಯೂ ಅಲ್ಲ. ಕಿವಿಯಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತನ್ನ ದನಿ ಹೆಚ್ಚಿಸಿಕೊಳ್ಳುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ರೇಡಿಯೊದಲ್ಲಿ ಸ್ಟೇಷನ್ ಸಿಗದಿದ್ದಾಗ ದನಿ ಜಾಸ್ತಿ ಮಾಡಿದರೆ ಬರೀ ‘ಸುಯ್’ ಅನ್ನುತ್ತದಲ್ಲ, ಹಾಗೆ.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಅನ್ನುವವರು ಒಂದು ಪರೀಕ್ಷೆ ಮಾಡಿದರು. ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿದರು. ನೂರಕ್ಕೆ 94 ಮಂದಿ ಏನೋ ಒಂದು ಸದ್ದು ಕೇಳಿತು ಅಂದರು. ಗುಂಯ್ ಅಂತ ಕೆಲವರು, ಸಿಳ್ಳೆ ಅಂತ ಕೆಲವರು. ಅಂದರೆ ಆ ಸದ್ದು ಎಲ್ಲರೊಳಗೂ ಸ್ವಲ್ಪ ಇದೆ. ಹೊರಗಿನ ಸದ್ದು ಅದನ್ನು ಮುಚ್ಚಿರುತ್ತದೆ. ಇದನ್ನು ಪೂರ್ತಿ ನಿಲ್ಲಿಸುವ ಮಾತ್ರೆ ಈಗಲೂ ಇಲ್ಲ. ಹಾಗಂತ ಏನೂ ಮಾಡಲಾಗದು ಅಂತಲ್ಲ. ಕಿವಿಯ ಮಿಷನ್ನು ಹಾಕಿಕೊಂಡರೆ ಬಹಳ ಜನಕ್ಕೆ ಹಿತವಾಗುತ್ತದೆ. ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಿದರೆ ಅದರ ಸದ್ದಿನಲ್ಲಿ ಇದು ಮರೆಯಾಗುತ್ತದೆ. ಭಯ ಕಡಿಮೆಯಾದಷ್ಟೂ ಕಾಟ ಕಡಿಮೆಯಾಗುತ್ತದೆ. ಆ ಭಯ ಬಿಡಿಸುವ ಸಲಹೆಯನ್ನೂ ತಜ್ಞರು ಕೊಡುತ್ತಾರೆ. ಆದರೆ ಒಂದು ಮಾತು ನೆನಪಿಡಿ. ಒಂದೇ ಕಿವಿಯಲ್ಲಿ ಸದ್ದು, ಸದ್ದಿನ ಜೊತೆ ತಲೆಸುತ್ತು, ನಾಡಿ ಬಡಿದಂತೆ ಢವಢವ ಸದ್ದು, ಇವು ಇದ್ದರೆ ಡಾಕ್ಟರಿಗೆ ತೋರಿಸಿ. ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಇದ್ದಕ್ಕಿದ್ದಂತೆ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಬೇಗ ಔಷಧ ಸಿಕ್ಕರೆ ಕೇಳುವಿಕೆ ಮರಳಿ ಬರಬಹುದು. ಹಬ್ಬ ಮುಗಿಯಲಿ ಅಂತ ಕಾದರೆ ಆ ಅವಕಾಶ ಹೋಗುತ್ತದೆ.

ಈಗ ಮಿಷನ್ನಿನ ಮಾತು. ದೊಡ್ಡಮ್ಮನಿಗೆ ಶಿಬಿರದಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಕ್ಕಿತು. ಅಂಗವಿಕಲತೆಯ ಪ್ರಮಾಣ ಪತ್ರ, ಆದಾಯದ ಪತ್ರ, ಆಧಾರ್ ಬೇಕಾಯಿತು. ಅಂಗಡಿಯಲ್ಲಿ ಕೊಂಡರೆ ಕೆಲವು ಸಾವಿರದಿಂದ ಲಕ್ಷದವರೆಗೆ ಇದೆ. ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ದೊಡ್ಡಮ್ಮನ ಮಗ ಹಿಂದೊಮ್ಮೆ ಯಾವುದೋ ಅಂಗಡಿಯಿಂದ ಒಂದು ತಂದಿದ್ದರಂತೆ. ಅದು ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡುತ್ತಿತ್ತು. ಪೆಟ್ಟಿಗೆ ಸೇರಿತು. ಸರಿಯಾದ ಮಿಷನ್ನಿಗೆ ಆ ಹಾಳೆಯ ಗೆರೆ ನೋಡಿ, ಎಲ್ಲಿ ಬಾವಿ ಇದೆಯೋ ಅಲ್ಲಿ ಮಾತ್ರ ಹೆಚ್ಚು ತುಂಬುತ್ತಾರೆ.

ಹಾಕಿಕೊಂಡ ಮೊದಲ ದಿನ ದೊಡ್ಡಮ್ಮ ಬೆಚ್ಚಿಬಿದ್ದರು. ಪಾತ್ರೆ ಇಟ್ಟರೆ ಸಿಡಿಲು. ನಲ್ಲಿ ಬಿಟ್ಟರೆ ಜೋಗ. ಎಷ್ಟೋ ಜನ ಇಲ್ಲಿಗೇ ಸಾಕು ಅಂತ ತೆಗೆದಿಟ್ಟುಬಿಡುತ್ತಾರೆ. ಕಣ್ಣಿಗೆ ಕನ್ನಡಕ ಹಾಕಿದ ಕೂಡಲೇ ಕಾಣುತ್ತದೆ. ಕಿವಿ ಹಾಗಲ್ಲ. ಮರೆತ ಸದ್ದುಗಳನ್ನು ಮಿದುಳು ಮತ್ತೆ ಕಲಿಯಬೇಕು, ನಾವು ಅಕ್ಷರ ಕಲಿತ ಹಾಗೆ. ಮೊದಲು ಮನೆಯಲ್ಲಿ ಒಂದೆರಡು ಗಂಟೆ. ಆಮೇಲೆ ಒಬ್ಬರ ಜೊತೆ ಮಾತು. ಆಮೇಲೆ ಬೀದಿ. ಕೊನೆಗೆ ಮದುವೆ ಮನೆ. ಹೀಗೆ ಕೆಲವು ವಾರ ಬೇಕು. ದೊಡ್ಡಮ್ಮ ಮೊಮ್ಮಗಳಿಂದ ಒಂದನೆಯ ಕ್ಲಾಸಿನ ಪಾಠ ಓದಿಸಿಕೊಂಡು, ತಾವು ಅದೇ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಕಿವಿಗೂ ಪಾಠ, ಕಣ್ಣಿಗೂ ಪಾಠ. ಇದನ್ನು ನಾವು ಹೇಳಿಕೊಟ್ಟಿದ್ದಲ್ಲ, ಅವರೇ ಹೂಡಿದ ಉಪಾಯ.

ಮಿಷನ್ನಿಗೆ ನೀರು, ಬೆವರು ಆಗದು. ಸ್ನಾನಕ್ಕೆ ಹೋಗುವಾಗ ತೆಗೆದಿಡಬೇಕು. ತಲೆಗೆ ಎಣ್ಣೆ ಹಚ್ಚುವಾಗಲೂ ಅಷ್ಟೇ.

ಮಿಷನ್ನು ಇದ್ದರೂ ಮನೆಯವರು ಕಲಿಯುವುದು ಇದೆ. ಕೂಗಬೇಡಿ. ಕೂಗಿದರೆ ‘ಆ’ ಜೋರಾಗುತ್ತದೆ, ‘ಸ’ ಜೋರಾಗುವುದಿಲ್ಲ. ಕೇಳುವವರಿಗೆ ಬೈದ ಹಾಗೆ ಅನ್ನಿಸುತ್ತದೆ. ಹತ್ತಿರ ಬನ್ನಿ. ಮುಖಕ್ಕೆ ಬೆಳಕು ಬೀಳುವಂತೆ ನಿಂತು ಹೇಳಿ. ಟಿ.ವಿ. ಆರಿಸಿ. ಎರಡು ಸಲ ಹೇಳಿದರೂ ತಿಳಿಯದಿದ್ದರೆ ಬೇರೆ ಮಾತಿನಲ್ಲಿ ಹೇಳಿ. ‘ಏನಿಲ್ಲ ಬಿಡು’ ಅಂತ ಮಾತ್ರ ಅನ್ನಬೇಡಿ. ದೊಡ್ಡಮ್ಮ ನಮಗೆ ಹೇಳಿದ್ದು ಇದು: ‘ಕಿವುಡಿ ಅಂದರೂ ನೋವಾಗ್ತಿರಲಿಲ್ಲ. ಎಲ್ಲರೂ ನಗೋವಾಗ ಏನಂತ ಕೇಳಿದ್ರೆ ಏನಿಲ್ಲ ಬಿಡು ಅಂತಿದ್ರಲ್ಲ, ಅದಕ್ಕೆ ಒಳಗೆ ಹೋಗಿ ಮಲಗ್ತಿದ್ದೆ.’

ಹೀಗೆ ಒಳಗೆ ಹೋಗಿ ಮಲಗಿದವರ ಬುದ್ಧಿಶಕ್ತಿಗೆ ಏನಾಗುತ್ತದೆ ಅಂತಲೂ ಸಂಶೋಧನೆ ನಡೆದಿದೆ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದರು. ಅರ್ಧ ಜನಕ್ಕೆ ಶ್ರವಣ ಸಾಧನ, ತರಬೇತಿ ಕೊಟ್ಟರು. ಉಳಿದವರಿಗೆ ಆರೋಗ್ಯದ ಪಾಠ ಮಾತ್ರ. 2023ರಲ್ಲಿ ಫಲ ಬಂತು. ಎಲ್ಲರನ್ನೂ ಸೇರಿಸಿ ನೋಡಿದರೆ ನೆನಪು, ಯೋಚನೆ ಕುಂದುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಹೆಚ್ಚಾಗಿದ್ದ ಒಂದು ಗುಂಪಿನಲ್ಲಿ, ಸಾಧನ ಹಾಕಿಕೊಂಡವರಿಗೆ ಅದು ಸುಮಾರು ಅರ್ಧದಷ್ಟು ನಿಧಾನವಾಗಿತ್ತು. ಎಲ್ಲರಿಗೂ ಹಾಗಾಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಇಷ್ಟು ಸಿಕ್ಕಿದೆ ಅಂತ ಹೇಳುತ್ತೇವೆ.

ಮಕ್ಕಳ ವಿಷಯ ಇನ್ನೊಂದು ದಿನ ವಿವರವಾಗಿ ಮಾತಾಡೋಣ. ಆದರೂ ಎರಡು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಹುಟ್ಟಿದ ಮಗುವಿನ ಕಿವಿಯನ್ನು ಒಂದು ತಿಂಗಳೊಳಗೆ ಪರೀಕ್ಷೆ ಮಾಡಿಸಿ. ಮಾತು ಬರುವ ತನಕ ಕಾಯಬೇಡಿ. ಮಾತು ಬರದಿರಲು ಕಿವಿಯೇ ಕಾರಣ ಇರಬಹುದು. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಮಕ್ಕಳನ್ನು ಕರೆದುಕೊಂಡು ದೂರದೂರದಿಂದ ತಾಯಂದಿರು ಅಲ್ಲಿಗೆ ಬರುತ್ತಾರೆ. ಕಿವಿ ಸೋರುವ ಮಗುವಿಗೆ ಕಾಯಿಸಿದ ಎಣ್ಣೆ ಬಿಡಬೇಡಿ. ಪಿನ್ನು, ಕಡ್ಡಿ ಹಾಕಬೇಡಿ. 2017ರಲ್ಲಿ ನಮ್ಮ ರಾಜ್ಯದಲ್ಲಿ ಶಾಲೆ ಶಾಲೆಗೂ ಬಂದು ದಡಾರ-ರುಬೆಲ್ಲಾ ಲಸಿಕೆ ಹಾಕಿದ್ದು ನೆನಪಿದೆಯಾ? ರುಬೆಲ್ಲಾ ಬಸುರಿಗೆ ಬಂದರೆ ಹುಟ್ಟುವ ಮಗುವಿನ ಕಿವಿ ಹೋಗಬಹುದು. ಆ ಲಸಿಕೆ ಈಗಲೂ ಮಕ್ಕಳಿಗೆ ಹಾಕುತ್ತಾರೆ, ತಪ್ಪಿಸಬೇಡಿ.

ದೊಡ್ಡಮ್ಮ ಮತ್ತೆ ಕೇಂದ್ರಕ್ಕೆ ಬಂದ ದಿನ ನಾವು ‘ತಪ್ಪಾಯ್ತು’ ಅಂದೆವು. ಅವರು ಅದನ್ನು ಕೇಳಿಸಿಕೊಂಡರು. ಆಮೇಲೆ ಸ್ಲೇಟು ಹಿಡಿದು, ‘ಇವತ್ತು ಏನು ಬರೀಬೇಕು ಹೇಳಿ’ ಅಂದರು. ನಾವು ಅವರ ಎದುರಿಗೆ ಕೂತು ‘ಸಂತೆ’ ಅಂದೆವು. ಸರಿಯಾಗಿ ಬರೆದರು. ‘ಕತ್ತೆ’ನೂ ಹೇಳಿ ಅಂತ ಅವರೇ ಕೇಳಿದರು. ಅವತ್ತು ನಾವೂ ಅವರೂ ಸೇರಿ ನಕ್ಕೆವು. ಈಗಲೂ ಕೆಲವು ಅಕ್ಷರ ತಪ್ಪುತ್ತವೆ. ಮಿಷನ್ನು ಹಳೆಯ ಕಿವಿಯನ್ನು ವಾಪಸು ಕೊಡುವುದಿಲ್ಲ. ಅವರು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಾವು ಹಲಗೆಗೆ ಬೆನ್ನು ಹಾಕಿ ನಿಲ್ಲುತ್ತೇವೆ.

ಮುಂದಿನ ಬುಧವಾರ ಕಿವಿ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಹೊರಟಿದ್ದೇವೆ. ಬೆಳಿಗ್ಗೆ ಏಳೂವರೆಯ ಬಸ್ಸು. ದೊಡ್ಡಮ್ಮನೂ ಬರುತ್ತಾರೆ. ಮಗ್ಗದಲ್ಲಿ ಐದು ವರ್ಷಕ್ಕಿಂತ ಹೆಚ್ಚು ದುಡಿದವರು, ಕಿವಿಯಲ್ಲಿ ಸದ್ದು ಇರುವವರು ಬನ್ನಿ. ಕಿವಿ ಚೆನ್ನಾಗಿದೆ ಅನ್ನುವ ಹುಡುಗಿಯರೂ ಬನ್ನಿ. ಬುತ್ತಿ ಕಟ್ಟಿಕೊಳ್ಳಿ, ಆಧಾರ್ ತನ್ನಿ. ಪುಸ್ತಕ ಇಲ್ಲಿದೆ, ಪೆನ್ನು ಇಲ್ಲಿದೆ. ಹೆಸರು, ವಯಸ್ಸು, ಮಗ್ಗದಲ್ಲಿ ದುಡಿದ ವರ್ಷ ಇಷ್ಟು ಬರೆಯಬೇಕು. ನಾವು ಬರೆದುಕೊಳ್ಳುವುದಿಲ್ಲ. ನೀವೇ ಬಂದು ಬರೆಯಿರಿ.